ಬೇಸಿಗೆಯಲ್ಲಷ್ಟೇ ಜುಮ್ ಅನ್ನುತ್ತಿದ್ದ ಮೋಟಾರ್

ಮೂಡಿಗೆರೆ ಹತ್ತಿರದ ನಮ್ಮ ಕಾಫಿ ತೋಟದಲ್ಲಿ ಫೆಬ್ರವರಿ ಬಂತೆಂದರೆ ಪಂಪ್‌ಸೆಟ್ ಮುಟ್ಟಿದಾಗ ಜುಮ್ ಅನ್ನುತ್ತಿತ್ತು. ಮಳೆಗಾಲದಲ್ಲಿ ಏನೂ ಇಲ್ಲ. ವಿಚಿತ್ರ ಅಲ್ವಾ?

ಎಲೆಕ್ಟ್ರಿಷಿಯನ್ ಮೋಟಾರಿನ ಸಣ್ಣ ಕರೆಂಟ್ ಲೀಕೇಜ್ ಸರಿಮಾಡಿದರು. ಆಮೇಲೆ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ದಾರಿ, ಅದರ ತಡೆ ಅಳೆದರೆ 46 ಓಮ್! ಇದು ಕಡಿಮೆ ಇದ್ದಷ್ಟೂ ಒಳ್ಳೆಯದು. ಅರ್ಥಿಂಗ್ ರಾಡ್ ಹೂತಿದ್ದ ಗುಂಡಿ ಕೆದಕಿದೆ. ರಾಡ್ ಪಕ್ಕದ ಮಣ್ಣು ಕಾಫಿಪುಡಿಯ ಹಾಗೆ ಬೆರಳಸಂದಿಯಲ್ಲಿ ಉದುರಿತು. ಒಣ ಮಣ್ಣಿನ ಕಣಗಳಲ್ಲಿ ಕರೆಂಟ್ ಹರಿಯುವುದು ತೀರಾ ಕಡಿಮೆ. ಕಣಗಳ ನಡುವಿನ ನೀರು, ಅದರಲ್ಲಿ ಕರಗಿದ ಲವಣ, ಇವೇ ಅದಕ್ಕೆ ದಾರಿ. ನಮ್ಮದು ಜಲ್ಲಿ ಬೆರೆತ ಮಣ್ಣು, ನೀರು ನಿಲ್ಲುವುದಿಲ್ಲ. ಇದ್ದ ಲವಣವನ್ನೂ ಮಲೆನಾಡಿನ ಮಳೆ ತೊಳೆದುಬಿಡುತ್ತದೆ.

ತಗ್ಗಿನಲ್ಲಿ, ತೊರೆ ಪಕ್ಕ 3 ಮೀಟರ್ ರಾಡ್ ಇಳಿಸಿ, ಸುತ್ತ ಬೆಂಟೊನೈಟ್ ಜೇಡಿ ಕಲಸಿ ತುಂಬಿಸಿದೆ. ಅದು ತೇವ ಬಿಡುವುದಿಲ್ಲ. ಉಪ್ಪು ಸುರಿಯಲಿಲ್ಲ, ರಾಡನ್ನೇ ತಿನ್ನುತ್ತದೆ. ಏಪ್ರಿಲ್‌ನಲ್ಲಿ ಅಳೆದಾಗ 7 ಓಮ್. ಜೊತೆಗೆ ಕರೆಂಟ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಆರ್‌ಸಿಸಿಬಿ ಸ್ವಿಚ್ಚನ್ನೂ ಹಾಕಿಸಿದ್ದೇನೆ.