ಎಂಟು ಜನ, ಏಳು ಪದಾರ್ಥ: ಪೆರನಾಕನ್ ಊಟ ಆರ್ಡರ್ ಮಾಡುವ ಬಗೆ

ಸಿಂಗಪುರದ ಕಟೋಂಗ್, ಜೂ ಚಿಯಾಟ್ ಕಡೆಯ ಪೆರನಾಕನ್ ಹೋಟೆಲುಗಳಿಗೆ ಗುಂಪಾಗಿ ಹೋಗುವಾಗ ಆರ್ಡರ್ ಮಾಡುವ ಕೆಲಸ ಸಾಮಾನ್ಯವಾಗಿ ನನ್ನದು. ಒಬ್ಬೊಬ್ಬರಿಗೆ ಒಂದೊಂದು ಪ್ಲೇಟ್ ತರಿಸಿಕೊಂಡರೆ ಈ ಅಡುಗೆಯ ರುಚಿ ಅರ್ಧವೂ ಸಿಗುವುದಿಲ್ಲ. ಅನ್ನ ಎಲ್ಲರ ಮುಂದೆ, ಪದಾರ್ಥಗಳೆಲ್ಲ ಮೇಜಿನ ನಡುವೆ ಇರಬೇಕು. ಮಲಯ ಸೀಮೆಯಲ್ಲಿ ನೆಲೆನಿಂತ ಚೀನೀ ವ್ಯಾಪಾರಿಗಳ ಮನೆತನಗಳಲ್ಲಿ, ಅಲ್ಲಿನ ಹೆಣ್ಣುಮಕ್ಕಳ ಕೈಯಲ್ಲಿ ಬೆಳೆದ ಅಡುಗೆ ಇದು, ಆ ಮನೆತನದವರೇ ಪೆರನಾಕನ್ನರು. ಮದುವೆಯಂಥ ದೊಡ್ಡ ದಿನಗಳಲ್ಲಿ ‘ತೋಕ್ ಪಾಂಜಾಂಗ್’ ಎಂಬ ಉದ್ದ ಮೇಜಿನ ತುಂಬ ಎಲ್ಲವನ್ನೂ ಒಟ್ಟಿಗೆ ಇಟ್ಟು, ನಮ್ಮಲ್ಲಿ ಪಂಕ್ತಿ ಏಳುವ ಹಾಗೆ ಒಂದು ತಂಡ ಎದ್ದ ಮೇಲೆ ಇನ್ನೊಂದು ತಂಡವನ್ನು ಕೂರಿಸುತ್ತಿದ್ದರು.

ಲೆಕ್ಕ ಹೀಗೆ: ಜನರ ಸಂಖ್ಯೆಗಿಂತ ಒಂದು ಪದಾರ್ಥ ಕಡಿಮೆ. ಎಂಟು ಜನರಿಗೆ ಏಳು. ಅನ್ನ ಮತ್ತು ಸಾಂಬಾಲ್ (ಮೆಣಸಿನಕಾಯಿ ಚಟ್ನಿ) ಇದಕ್ಕೆ ಹೊರತು. ಅನ್ನವನ್ನು ಮೊದಲು ಎಂಟು ಬಟ್ಟಲು ಹೇಳಿ, ಗೊಜ್ಜುಗಳು ಬಂದ ಮೇಲೆ ಇನ್ನು ಮೂರು ಹೇಳುತ್ತೇನೆ. ಮೊದಲೇ ಹನ್ನೊಂದು ತರಿಸಿದರೆ ಕೊನೆಯ ಮೂರು ಆರಿ ಗಟ್ಟಿಯಾಗುತ್ತವೆ.

ಆಯ್ಕೆಯಲ್ಲಿ ಹೆಚ್ಚು ಜನ ತಪ್ಪುವುದು ತೆಂಗಿನ ಹಾಲಿನಲ್ಲಿ. ಮಸಾಲೆಯಲ್ಲಿ ಬತ್ತಿಸಿದ ಮಾಂಸದ ರೆಂಡಾಂಗ್, ಕೋಳಿ ಕರಿ, ತರಕಾರಿಯ ಸಾಯುರ್ ಲೊದೆ ಮೂರನ್ನೂ ಹೇಳಿಬಿಟ್ಟರೆ ಮೂರರಲ್ಲೂ ತೆಂಗಿನ ಹಾಲೇ, ನಾಲ್ಕನೇ ತುತ್ತಿಗೆ ನಾಲಿಗೆ ಸೋಲುತ್ತದೆ. ತೆಂಗಿನ ಹಾಲಿನದು ಒಂದೇ ಸಾಕು, ಅನಾನಸ್ ಹಾಕಿದ ಸಿಗಡಿಯ ‘ಉದಾಂಗ್ ಮಾಸಾಕ್ ಲೆಮಾಕ್ ನಾನಾಸ್’ ನನ್ನ ಆಯ್ಕೆ. ಅದರ ಜೊತೆಗೆ ಹುಣಸೆಯ ಕಪ್ಪು ಗೊಜ್ಜಿನಲ್ಲಿ ಕೋಳಿ ಬೇಯಿಸಿದ ಆಯಾಮ್ ಬುವಾ ಕೆಲುವಾಕ್, ಹುದುಗಿಸಿದ ಸೋಯಾ ಕಾಳು ಹಾಕಿದ ಸಿಹಿ-ಉಪ್ಪಿನ ಮಾಂಸದ ಪೊಂಗ್ತೇ, ಉಪ್ಪಿನಲ್ಲಿಟ್ಟ ಸಾಸಿವೆ ಸೊಪ್ಪು ಮತ್ತು ಬಾತುಕೋಳಿಯ ತಿಳಿ ಸೂಪ್ ಇತೇಕ್ ತಿಮ್, ಗರಿಗರಿಯಾಗಿ ಕರಿದ ಮಾಂಸದ ಸುರುಳಿ ನ್ಗೋ ಹಿಯಾಂಗ್, ಎಲೆಕೋಸು-ಅಣಬೆಯ ಚಾಪ್ ಚಾಯ್. ಏಳನೆಯದು ಕುವೇ ಪೈ ಟೀ, ಇಲ್ಲದಿದ್ದರೆ ಕೋಸಂಬರಿಯಂಥ ಬಾಳೆಹೂವಿನ ಕೆರಾಬು. ತಿಳಿ ಸೂಪನ್ನು ಮಾತ್ರ ನಾನು ಎಂದೂ ಬಿಡುವುದಿಲ್ಲ. ಗಟ್ಟಿ ಗೊಜ್ಜುಗಳ ನಡುವೆ ಬಾಯಿ ತೊಳೆಯುವ ಕೆಲಸ ಅದರದು.

ಬುವಾ ಕೆಲುವಾಕ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅದು ಪಾಂಜಿಯಮ್ ಎಡುಲೆ ಮರದ ಬೀಜ, ಹಸಿಯಾಗಿ ತಿಂದರೆ ಸೈನೈಡ್ ವಿಷ. ಕುದಿಸಿ, ಬೂದಿ ಮತ್ತು ಬಾಳೆ ಎಲೆಯ ಜೊತೆ ಸುಮಾರು 40 ದಿನ ಮಣ್ಣಲ್ಲಿ ಹೂತಿಟ್ಟ ಮೇಲೆಯೇ ಅದು ಮಾರುಕಟ್ಟೆಗೆ ಬರುವುದು. ಕೆಸುವಿನ ತುರಿಕೆಯನ್ನು ಹುಣಸೆಯಲ್ಲಿ ಕಳೆಯುವ ನಮಗೆ ಈ ಜಾಣ್ಮೆ ಬೇಗ ಅರ್ಥವಾಗುತ್ತದೆ. ತಂದ ಮೇಲೂ ಮೂರರಿಂದ ಐದು ದಿನ, ದಿನಾ ನೀರು ಬದಲಿಸಿ ನೆನೆಸಬೇಕು. ಆಮೇಲೆ ಚಿಪ್ಪು ಉಜ್ಜಿ, ಒಂದು ತುದಿಯಲ್ಲಿ ಸಣ್ಣ ಕಿಂಡಿ ಒಡೆದು, ಒಳಗಿನ ಕಪ್ಪು ತಿರುಳು ತೆಗೆದು, ಉಪ್ಪು, ಸಕ್ಕರೆ, ಅರೆದ ಸಿಗಡಿ ಅಥವಾ ಹಂದಿಮಾಂಸ ಕಲೆಸಿ ಮತ್ತೆ ಅದೇ ಚಿಪ್ಪಿಗೆ ತುಂಬುತ್ತಾರೆ. ಒಂದೊಂದು ಬೀಜದ ತಿರುಳನ್ನೂ ಮೂಸಿ ನೋಡಿಯೇ ಬಟ್ಟಲಿಗೆ ಹಾಕಬೇಕು, ಬೂಸ್ಟು ಹಿಡಿದ ಒಂದೇ ಬೀಜ ಇಡೀ ಮಿಶ್ರಣವನ್ನು ಕೆಡಿಸುತ್ತದೆ. ಇಷ್ಟು ಕೆಲಸ ಇರುವುದರಿಂದ, ಮಾಡಿದ ಮರುದಿನ ಗೊಜ್ಜಿನ ರುಚಿ ಏರುವುದರಿಂದ, ಇದನ್ನು ಮುಂಚೆಯೇ ಬೇಯಿಸಿಡುತ್ತಾರೆ. ಖಾಲಿಯಾದರೆ ಆ ದಿನಕ್ಕೆ ಮುಗಿಯಿತು. ಟೇಬಲ್ ಬುಕ್ ಮಾಡುವಾಗ, ಅಂದರೆ ಕನಿಷ್ಠ ಎರಡು ದಿನ ಮುಂಚೆ, ಇದನ್ನು ಹೆಸರು ಹೇಳಿ ಕಾಯ್ದಿರಿಸಿ, ಒಂದು ಬಟ್ಟಲಿಗೆ ಎಷ್ಟು ಬೀಜ ಎಂದು ಕೇಳಿ. ಎಂಟು ಜನರ ನಡುವೆ ಐದು ಬೀಜ ಬಂದರೆ ಮೂವರಿಗೆ ಬರೀ ಕೋಳಿ. ತಲೆಗೊಂದು ಬೀಜದಂತೆ ಹೆಚ್ಚುವರಿ ಕೇಳಿ, ಅದಕ್ಕೆ ಬೇರೆ ಹಣ ಹಾಕುವುದು ಸಾಮಾನ್ಯ.

ತಿನ್ನುವಾಗ ಕಿಂಡಿ ಮೇಲೆ ಬರುವಂತೆ ಎಡಗೈಯಲ್ಲಿ ಬೀಜ ಹಿಡಿದು, ಸಣ್ಣ ಚಮಚದ ಹಿಡಿಯನ್ನು ಒಳಗೆ ತೂರಿಸಿ ಗೋಡೆಗುಂಟ ಕೆರೆಯಬೇಕು. ಹಳೆಯ ಹುಣಸೆ ತೊಕ್ಕಿನಂಥ ಕರಿ ಮುದ್ದೆ ಬರುತ್ತದೆ, ರುಚಿ ಅಣಬೆಗೂ ಕಹಿ ಚಾಕೊಲೇಟಿಗೂ ನಡುವಿನದು. ಹಾಗೇ ಬಾಯಿಗಿಟ್ಟವರಿಗೆ ಕಹಿ ಹೊಡೆಯುತ್ತದೆ. ಗೋಲಿ ಗಾತ್ರದಷ್ಟನ್ನು ಬಿಸಿ ಅನ್ನಕ್ಕೆ ಹಾಕಿ, ಎರಡು ಚಮಚ ಗೊಜ್ಜು ಬಿಟ್ಟು ಕಲೆಸಿ. ಅನ್ನ ಕಪ್ಪಾಗುತ್ತದೆ, ಹುಣಸೆ ಆ ಕಹಿಯನ್ನು ಹಿಡಿದು ನಿಲ್ಲಿಸುತ್ತದೆ. ಚಿಪ್ಪು ಬಿಸಿಯಾಗಿರುತ್ತದೆ, ಮಕ್ಕಳ ಕೈಗೆ ಕೊಡಬೇಡಿ.

ಕುವೇ ಪೈ ಟೀ ಮೊದಲು ಬರಲಿ. ಬೆರಳೆರಡರ ಗಾತ್ರದ ಗರಿ ಬಟ್ಟಲೊಳಗೆ ಬೇಯಿಸಿದ ಗೆಡ್ಡೆಯ ತುರಿ ತುಂಬಿರುತ್ತದೆ. ಐದು ನಿಮಿಷ ಬಿಟ್ಟರೆ ತಳ ಮೆತ್ತಗಾಗಿ ಕೈಯಲ್ಲೇ ಕುಸಿಯುತ್ತದೆ. ಬಟ್ಟಲನ್ನೂ ಹೂರಣವನ್ನೂ ಬೇರೆಬೇರೆಯಾಗಿ ಕೊಡಿ ಎಂದು ಕೇಳಿ, ಹೂರಣದ ನೀರು ಹಿಂಡಿ ಮೇಜಿನಲ್ಲೇ ತುಂಬಿಕೊಳ್ಳಿ. ಉಳಿದದ್ದೆಲ್ಲ ಅನ್ನದ ಜೊತೆ ಒಟ್ಟಿಗೆ ಬರಲಿ. ಪ್ರತಿ ಪದಾರ್ಥಕ್ಕೂ ಬಡಿಸುವ ಚಮಚ ಬೇರೆ ಇರುತ್ತದೆ, ಎಂಜಲು ಚಮಚ ಅದರೊಳಗೆ ಹೋಗಬಾರದು. ಚಾಪ್‌ಸ್ಟಿಕ್ ಹುಡುಕಬೇಡಿ, ಇದು ಚಮಚ-ಫೋರ್ಕಿನ ಊಟ, ಮನೆಗಳಲ್ಲಿ ಕೈಯ ಊಟ. ಒಂದೊಂದು ಸಲ ಒಂದೊಂದೇ ಗೊಜ್ಜನ್ನು ಅನ್ನದ ಮೇಲೆ ಹಾಕಿಕೊಳ್ಳಿ, ಎಲ್ಲವನ್ನೂ ಒಮ್ಮೆಗೇ ಸುರಿದುಕೊಂಡರೆ ಯಾವುದರ ರುಚಿಯೂ ಉಳಿಯುವುದಿಲ್ಲ. ಸಿಗಡಿ ಮುದ್ದೆ ಸೇರಿದ ಸಾಂಬಾಲ್ ಬೆಲಾಚಾನ್‌ಗೆ ಕಲಮಾನ್ಸಿ ನಿಂಬೆ ಹಿಂಡಿ, ತಟ್ಟೆಯ ಅಂಚಿಗೆ ಅರ್ಧ ಚಮಚ ಸಾಕು.

ನಮ್ಮ ಗುಂಪುಗಳಲ್ಲಿ ಸಸ್ಯಾಹಾರಿಗಳು ಇದ್ದೇ ಇರುತ್ತಾರೆ, ಇಲ್ಲಿ ನೇರವಾಗಿ ಹೇಳಿಬಿಡುತ್ತೇನೆ: ಇದು ಅವರಿಗೆ ಕಷ್ಟದ ಜಾಗ. ಸಣ್ಣ ಈರುಳ್ಳಿ, ಮೆಣಸಿನಕಾಯಿ, ಅರಿಶಿನ, ಮಜ್ಜಿಗೆ ಹುಲ್ಲು ಎಲ್ಲ ಸೇರಿಸಿ ಅರೆಯುವ ರೆಂಪಾ ಮಸಾಲೆಯಲ್ಲೇ ಬೆಲಾಚಾನ್, ಅಂದರೆ ಹುದುಗಿಸಿದ ಸಿಗಡಿಯ ಮುದ್ದೆ, ಸೇರಿರುತ್ತದೆ. ಎಣ್ಣೆ ಬಿಡುವ ತನಕ ಹುರಿದಿಟ್ಟ ಆ ಮಸಾಲೆಯಿಂದ ಅದನ್ನು ಬೇರ್ಪಡಿಸಲು ಆಗದು. ‘ಸಿಗಡಿ ಹಾಕಬೇಡಿ’ ಎಂದರೆ ಮೇಲಿನ ಸಿಗಡಿಯನ್ನಷ್ಟೇ ತೆಗೆಯುತ್ತಾರೆ. ‘ಬೆಲಾಚಾನ್ ಇಲ್ಲ, ಒಣ ಸಿಗಡಿ ಇಲ್ಲ, ಮಾಂಸದ ನೀರು ಇಲ್ಲ’ ಎಂದು ಮೂರನ್ನೂ ಬಿಡಿಸಿ ಹೇಳಿ, ಹಿಂದಿನ ದಿನವೇ ಚಾಪ್ ಚಾಯ್ ಬೇರೆ ಬಾಣಲೆಯಲ್ಲಿ ಆಗುತ್ತದೆಯೇ ಎಂದು ಕೇಳಿ. ಆಗದು ಎಂದರೆ ಅವರನ್ನು ಬರೀ ಅನ್ನದ ಮುಂದೆ ಕೂರಿಸುವುದಕ್ಕಿಂತ ಜಾಗ ಬದಲಿಸುವುದೇ ಸರಿ. ಹಂದಿ ತಿನ್ನದವರಿಗೆ ಪೊಂಗ್ತೇಯನ್ನು ಕೋಳಿಯಲ್ಲಿ ಕೇಳಬಹುದು. ಆದರೆ ನ್ಗೋ ಹಿಯಾಂಗ್‌ನಲ್ಲಿ ಹಂದಿ ಇರುತ್ತದೆ, ಇತೇಕ್ ತಿಮ್‌ಗೂ ಕೆಲವರು ಹಂದಿಕಾಲು ಹಾಕುತ್ತಾರೆ. ದನದ ಮಾಂಸ ತಿನ್ನದವರು ರೆಂಡಾಂಗ್ ಬಗ್ಗೆ ಕೇಳಿಕೊಳ್ಳಿ, ಹಲವು ಕಡೆ ಅದು ದನದ್ದು.

ಬಿಲ್ ಹಂಚುವಾಗ ಮೆನುವಿನ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಇದೆಯೇ ನೋಡಿ. ಇದ್ದರೆ 10% ಸರ್ವಿಸ್ ಚಾರ್ಜ್, ಆ ಮೊತ್ತದ ಮೇಲೆ 9% ಜಿಎಸ್‌ಟಿ. 200 ಡಾಲರ್ ಊಟ 239.80 ಆಗುತ್ತದೆ, ಎಂಟು ಜನರಿಗೆ ತಲೆಗೆ ಸುಮಾರು 30.

ಕೊನೆಗೆ ತೆಂಗಿನ ಹಾಲು, ಹಸಿರು ಶಾವಿಗೆಯ ತಣ್ಣನೆ ಸಿಹಿ ಚೆಂಡೋಲ್ ಅಥವಾ ಕಪ್ಪು ಅಂಟಕ್ಕಿಯ ಪಾಯಸ ‘ಪುಲುಟ್ ಹಿತಾಮ್’ ಇಬ್ಬರಿಗೊಂದರಂತೆ ನಾಲ್ಕು ಸಾಕು, ತಾಳೆ ಬೆಲ್ಲದ ಗಾಢ ಸಿಹಿ ಅದು. ಬುವಾ ಕೆಲುವಾಕ್ ಗೊಜ್ಜು ಉಳಿದಿದ್ದರೆ ಬಿಡಬೇಡಿ, ಡಬ್ಬಿಗೆ ಹಾಕಿಸಿಕೊಂಡು ಬಂದು ಮರುದಿನ ಚೆನ್ನಾಗಿ ಕುದಿಸಿ, ಬಿಸಿ ಅನ್ನಕ್ಕೆ ಹಾಕಿಕೊಳ್ಳಿ.