ಒಳಗೆ ಹೋಗದ ಡ್ರಾಯರ್: ಪೀಠೋಪಕರಣದ ಡೀಟೇಲಿಂಗ್ ಕಲಿಸಿದ ನನ್ನ ಅನುಭವ

ಮೈಸೂರಿನಲ್ಲಿ ಒಳಾಂಗಣ ವಿನ್ಯಾಸದ ಕೆಲಸ ಮಾಡಿಕೊಂಡೇ ವಾರಕ್ಕೆ ಎರಡು ದಿನ ವಿನ್ಯಾಸದ ವಿದ್ಯಾರ್ಥಿಗಳಿಗೆ ಡೀಟೇಲಿಂಗ್, ಅಂದರೆ ಪೀಠೋಪಕರಣದ ಒಂದೊಂದು ಭಾಗವೂ ಹೇಗೆ ಕೂಡುತ್ತದೆ ಎಂಬುದನ್ನು ಅಳತೆ ಸಹಿತ ನಕ್ಷೆಯಲ್ಲಿ ಬರೆಯುವ ಪಾಠ ಮಾಡಲು ಒಪ್ಪಿಕೊಂಡಾಗ, ಕೆಲಸ ಬಲ್ಲವಳಿಗೆ ಕಲಿಸುವುದೇನು ಕಷ್ಟ ಎಂಬ ಧೈರ್ಯ ನನಗಿತ್ತು. ಮೊದಲ ವರ್ಷ ನನ್ನದೇ ಹಳೆಯ ಕೆಲಸಗಳ ನಕ್ಷೆಗಳನ್ನು ಪ್ರೊಜೆಕ್ಟರಿನಲ್ಲಿ ತೋರಿಸಿದೆ. ಮಕ್ಕಳು ಅವನ್ನು ನೋಡಿಕೊಂಡು ವಾರ್ಡ್‌ರೋಬ್, ಅಡುಗೆಮನೆಯ ಕಪಾಟು, ಟಿ.ವಿ. ಯೂನಿಟ್‌ಗಳ ಸೆಕ್ಷನ್‌ಗಳನ್ನು (ಕೊಯ್ದು ನೋಡಿದಂತೆ ಒಳಭಾಗ ತೋರಿಸುವ ನಕ್ಷೆಗಳನ್ನು) 1:5ರ ಅಳತೆಯಲ್ಲಿ ಬಹಳ ಅಂದವಾಗಿ ಬರೆದು ತಂದರು, ನಾನೂ ಸಂತೋಷದಿಂದ ಅಂಕ ಕೊಟ್ಟೆ. ಆದರೆ ಒಬ್ಬ ಹುಡುಗನ ನಕ್ಷೆಯಲ್ಲಿದ್ದ ಹಿಂಜ್‌ನ ಮೇಲೆ ಬೆರಳಿಟ್ಟು, ಇದರ ಸ್ಕ್ರೂ ಯಾವ ಹಲಗೆಗೆ ಬೀಳುತ್ತದೆ ಎಂದು ಕೇಳಿದ ದಿನ ಇಡೀ ತರಗತಿ ಸುಮ್ಮನೆ ಕುಳಿತಿತ್ತು. ಅವರು ಬರೆದದ್ದು ನನ್ನ ಗೆರೆಗಳ ನಕಲು, ಅಷ್ಟೇ.

ಮರುವರ್ಷ ಪ್ರೊಜೆಕ್ಟರನ್ನು ಬದಿಗಿಟ್ಟು ಒಂದೇ ನಿಯಮ ಮಾಡಿದೆ. ಪ್ರತಿ ವಿದ್ಯಾರ್ಥಿಯೂ ಒಂದು ಡ್ರಾಯರ್ ಇರುವ, ಒಂದು ಬಾಗಿಲಿನ ಸಣ್ಣ ಪೆಟ್ಟಿಗೆಯನ್ನು ವಿನ್ಯಾಸ ಮಾಡಬೇಕು. ಅದರ ನಕ್ಷೆಯನ್ನು ಖಾಕಿ ಕಾಗದದ ಮೇಲೆ ನಿಜವಾದ ಗಾತ್ರದಲ್ಲಿಯೇ, ಅಂದರೆ 1:1ರಲ್ಲಿ, ಬರೆಯಬೇಕು. ಆ ನಕ್ಷೆ ವರ್ಕ್‌ಶಾಪಿಗೆ ಹೋಗುತ್ತದೆ, ವಿದ್ಯಾರ್ಥಿ ಹೋಗುವುದಿಲ್ಲ. ಅಲ್ಲಿ ನಲವತ್ತು ವರ್ಷ ಮರಗೆಲಸ ಮಾಡಿದ ಒಬ್ಬ ಆಚಾರ್ರು ಇದ್ದರು. ನಕ್ಷೆಯಲ್ಲಿ ಇರುವುದನ್ನು ಇರುವಂತೆಯೇ ಮಾಡಿ, ನಿಮ್ಮ ಬುದ್ಧಿಯನ್ನು ದಯವಿಟ್ಟು ಸೇರಿಸಬೇಡಿ ಎಂದು ಅವರನ್ನು ಕೇಳಿಕೊಂಡೆ. ಇದು ಅವರಿಗೆ ನಿಜಕ್ಕೂ ಕಷ್ಟವಾಯಿತು, ಏಕೆಂದರೆ ನಮ್ಮಂಥವರು ಬರೆದ ತಪ್ಪುಗಳನ್ನು ಸದ್ದಿಲ್ಲದೆ ತಿದ್ದುತ್ತಲೇ ಅವರ ಆಯುಷ್ಯ ಕಳೆದಿತ್ತು.

ಮೊದಲು ಬಂದದ್ದು ಒಬ್ಬ ಹುಡುಗಿಯ ಪೆಟ್ಟಿಗೆ. ಒಳ ಅಗಲ 450 ಮಿ.ಮೀ. ಎಂದಿದ್ದಳು, ಡ್ರಾಯರ್ ಸಲೀಸಾಗಿ ಸರಿಯಲೆಂದು ಎರಡೂ ಕಡೆ ಎರಡೆರಡು ಮಿ.ಮೀ. ಬಿಟ್ಟು ಅದರ ಅಗಲವನ್ನು 446 ಎಂದು ಬರೆದಿದ್ದಳು. ಪಕ್ಕದಲ್ಲಿ ಟೆಲಿಸ್ಕೋಪಿಕ್ ಚಾನೆಲ್ (ಡ್ರಾಯರ್ ಜಾರುವ ಲೋಹದ ಹಳಿ) ಎಂದು ಬಾಣದ ಗುರುತೂ ಇತ್ತು. ಆಚಾರ್ರು ಹಾಗೆಯೇ ಮಾಡಿ, ಚಾನೆಲ್‌ಗಳನ್ನೂ ಸ್ಕ್ರೂ ಹೊಡೆದು, ಎರಡನ್ನೂ ತರಗತಿಯ ಮೇಜಿನ ಮೇಲೆ ತಂದಿಟ್ಟರು. ಹುಡುಗಿ ಡ್ರಾಯರನ್ನು ಹಿಡಿದು ತಳ್ಳಿದಳು, ಓರೆ ಮಾಡಿ ನೋಡಿದಳು, ತಲೆಕೆಳಗು ಮಾಡಿಯೂ ನೋಡಿದಳು. "ನಕ್ಷೇಲಿ ಇದ್ದಿದ್ದನ್ನೇ ಮಾಡಿದ್ದೀನಿ ಕಣಮ್ಮ" ಎಂದು ಆಚಾರ್ರು ಸಂಕೋಚದಿಂದ ಹೇಳಿದರು, ತಪ್ಪು ತಮ್ಮದೇ ಎಂಬಂತೆ. ಸಾಮಾನ್ಯ ಟೆಲಿಸ್ಕೋಪಿಕ್ ಚಾನೆಲ್ ಒಂದೊಂದು ಬದಿಗೆ ಸುಮಾರು 13 ಮಿ.ಮೀ., ಅಂದರೆ ಅರ್ಧ ಇಂಚು ಜಾಗ ಕೇಳುತ್ತದೆ. ಡ್ರಾಯರ್ 424 ಇರಬೇಕಿತ್ತು. ಅದೂ ಪೆಟ್ಟಿಗೆಯ ಒಳಮೈಗೆ ಲ್ಯಾಮಿನೇಟ್ ಅಂಟಿಸದಿದ್ದರೆ ಮಾತ್ರ. 0.8 ಮಿ.ಮೀ. ಹಾಳೆಯನ್ನು ಎರಡೂ ಬದಿಗೆ ಅಂಟಿಸಿದ ಕೂಡಲೇ 450 ಎಂಬುದು 448.4 ಆಗುತ್ತದೆ. ಈ ಲೆಕ್ಕವನ್ನು ನಾನು ಹಿಂದಿನ ವರ್ಷ ಕಪ್ಪುಹಲಗೆಯ ಮೇಲೆ ಎರಡು ಸಲ ಬರೆದಿದ್ದೆ, ಯಾರಿಗೂ ನೆನಪಿರಲಿಲ್ಲ. ಒಳಗೆ ಹೋಗದ ಆ ಡ್ರಾಯರನ್ನು ಕಂಡವರು ಯಾರೂ ಅದನ್ನು ಮರೆಯಲಿಲ್ಲ.

ಅಲ್ಲಿಂದ ಮುಂದೆ ದಪ್ಪದ ಪಾಠ ತಾನಾಗಿಯೇ ಬಂತು. ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆಯನ್ನು ಅಂಗಡಿಯವರು 18 ಮಿ.ಮೀ. ಎಂದು ಕೊಟ್ಟರೂ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದಾಗ ಅರ್ಧ ಮಿ.ಮೀ. ಕಡಿಮೆ ಇರುವುದು ಅಪರೂಪವಲ್ಲ; ಗರಗಸದ ಬ್ಲೇಡು ಪ್ರತಿ ಸೀಳಿಗೆ ಮೂರು ಮಿ.ಮೀ.ಯಷ್ಟು ತಿನ್ನುತ್ತದೆ. ಹೀಗಾಗಿ ಕಟಿಂಗ್ ಪಟ್ಟಿಯನ್ನು, ಅಂದರೆ ಕೊಯ್ಯಬೇಕಾದ ತುಂಡುಗಳ ಅಳತೆಯ ಪಟ್ಟಿಯನ್ನು, ಬರೆಯದೆ ನಕ್ಷೆ ಮುಗಿಯಿತು ಎನ್ನುವಂತಿಲ್ಲ ಎಂದು ಹೇಳಿದೆ. ಇದರ ಜೊತೆಗೆ ಅಳತೆಯ ಭಾಷೆಯದೂ ಒಂದು ತೊಡಕಿದೆ. ನಾವು ಮಿಲಿಮೀಟರಿನಲ್ಲಿ ಬರೆಯುತ್ತೇವೆ, ಕೆಲಸದ ಜಾಗದಲ್ಲಿ ಇಂಚು ಮತ್ತು ನೂಲು ನಡೆಯುತ್ತದೆ, ರಾಜಸ್ಥಾನದಿಂದ ಬಂದ ಬಡಗಿಗಳಾದರೆ ಸೂತ್ ಎನ್ನುತ್ತಾರೆ. ನೂಲು, ಸೂತ್ ಎರಡೂ ಒಂದೇ, ಇಂಚಿನ ಎಂಟನೆಯ ಒಂದು ಭಾಗ, ಮೂರು ಮಿ.ಮೀ.ಗಿಂತ ತುಸು ಹೆಚ್ಚು. ಆರು ನೂಲು ಎಂದರೆ 19 ಮಿ.ಮೀ. ಹಲಗೆ. ಇದನ್ನು ಬಾಯಿಪಾಠ ಮಾಡಿಸಿದ್ದಕ್ಕೆ ಸಹೋದ್ಯೋಗಿಯೊಬ್ಬರು ನಕ್ಕರು. ಸೈಟಿನಲ್ಲಿ "ಎರಡು ನೂಲು ತೆಗೀಲಾ ಮೇಡಂ" ಎಂದು ಕೇಳಿದಾಗ ತಬ್ಬಿಬ್ಬಾಗಿ ನಿಲ್ಲುವುದಕ್ಕಿಂತ ನಗಿಸಿಕೊಳ್ಳುವುದು ಮೇಲು ಎಂದು ನಾನು ಈಗಲೂ ನಂಬಿದ್ದೇನೆ.

ಪುಸ್ತಕದ ಕಪಾಟಿಗೆ ನಾಲ್ಕಡಿ ಉದ್ದದ ಅಡ್ಡಹಲಗೆ ಬರೆಯುವ ಆಸೆ ಎಲ್ಲ ವಿದ್ಯಾರ್ಥಿಗಳಿಗೂ ಇರುತ್ತದೆ. ವಾದ ಮಾಡುವ ಬದಲು ಎರಡು ಸ್ಟೂಲುಗಳ ನಡುವೆ 12 ಮಿ.ಮೀ. ಪ್ಲೈವುಡ್ಡಿನ ಪಟ್ಟಿಯೊಂದನ್ನು ಇಟ್ಟು, ಮೊದಲು ಎರಡಡಿ ಅಂತರದಲ್ಲಿ, ಆಮೇಲೆ ನಾಲ್ಕಡಿ ಅಂತರದಲ್ಲಿ ಗ್ರಂಥಾಲಯದ ಪುಸ್ತಕಗಳನ್ನು ಸಾಲಾಗಿ ಜೋಡಿಸಿದೆವು. ಅಡಿಗೆ ಅಷ್ಟೇ ಭಾರವಿದ್ದರೂ ಉದ್ದ ಎರಡು ಪಟ್ಟಾದರೆ ಬಾಗು ಹದಿನಾರು ಪಟ್ಟಾಗುತ್ತದೆ. ದಪ್ಪ ಎರಡು ಪಟ್ಟಾದರೆ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಮುಂದಿನ ಅಂಚಿನ ಕೆಳಗೆ ಒಂದೂವರೆ ಇಂಚಿನ ಮರದ ಪಟ್ಟಿಯನ್ನು ನಿಲ್ಲಿಸಿ ಅಂಟಿಸಿದ ಮೇಲೆ ಅದೇ ಹಲಗೆ ಹೇಗೆ ನೆಟ್ಟಗಾಯಿತು ಎಂಬುದನ್ನು ಅವರೇ ದಾರ ಕಟ್ಟಿ ಅಳೆದರು.

ಗೋಡೆಯ ವಿಷಯ ಬಂದಾಗ ನನ್ನದೇ ಅವಮಾನವನ್ನು ಹೇಳಿಕೊಳ್ಳುತ್ತೇನೆ. ವೃತ್ತಿಯ ಆರಂಭದಲ್ಲಿ ಕುವೆಂಪುನಗರದ ಒಂದು ಮನೆಯಲ್ಲಿ ಎರಡು ಗೋಡೆಗಳ ನಡುವೆ ಕೂರುವ ವಾರ್ಡ್‌ರೋಬ್‌ಗೆ ನೆಲದ ಮಟ್ಟದಲ್ಲಿ ಮಾತ್ರ ಅಳತೆ ತೆಗೆದಿದ್ದೆ. ಮೇಲ್ಗಡೆ ಜಾಗ 18 ಮಿ.ಮೀ. ಕಡಿಮೆ ಇತ್ತು. ಮುಗಿದು ಬಂದ ಪೆಟ್ಟಿಗೆ ಎದೆಯ ಎತ್ತರದಲ್ಲಿ ಸಿಕ್ಕಿಕೊಂಡು, ಮನೆಯವರ ಕಣ್ಣೆದುರಿಗೇ ಅದರ ಒಂದು ಬದಿಯನ್ನು ಬಿಚ್ಚಿ ಕೊಯ್ಯಬೇಕಾಯಿತು. ಇಟ್ಟಿಗೆ ಗೋಡೆಯೂ ಅದರ ಮೇಲಿನ ಗಾರೆಯೂ ತೂಗುಗುಂಡಿಗೆ ಸರಿಯಾಗಿ ನಿಲ್ಲುವುದು ಅಪರೂಪ. ಕೆಳಗೆ, ನಡುವೆ, ಮೇಲೆ ಮೂರು ಕಡೆ ಅಳೆದು ಕಡಿಮೆಯದನ್ನು ಹಿಡಿಯಬೇಕು. ಎರಡೂ ಪಕ್ಕಕ್ಕೆ ಇಂಚಿನಷ್ಟು ಜಾಗ ಬಿಟ್ಟು, ಗೋಡೆಯ ಏರುಪೇರಿಗೆ ತಕ್ಕಂತೆ ಸೈಟಿನಲ್ಲಿಯೇ ಕೆತ್ತಿ ಕೂರಿಸುವ ಪಟ್ಟಿಯನ್ನು ನಕ್ಷೆಯಲ್ಲಿ ಹೆಸರಿಟ್ಟು ತೋರಿಸಬೇಕು. ಆ ಪಟ್ಟಿ ಇಲ್ಲದ ನಕ್ಷೆಗೆ ನಾನು ಸಹಿ ಹಾಕುವುದಿಲ್ಲ.

ಪ್ಲೈವುಡ್ಡಿನಲ್ಲೇ ಬೆಳೆದ ಮಕ್ಕಳಿಗೆ ಗಟ್ಟಿಮರ ಉಸಿರಾಡುತ್ತದೆ ಎಂಬುದು ಕತೆಯಂತೆ ಕೇಳಿಸುತ್ತದೆ. ಅದಕ್ಕಾಗಿ ಏಪ್ರಿಲ್ ತಿಂಗಳಲ್ಲಿ ಅಗ್ರಹಾರದ ಒಂದು ಹಳೆಯ ಮನೆಗೆ ಕರೆದೊಯ್ಯುತ್ತೇನೆ. ಅಲ್ಲಿನ ಬಣ್ಣ ಬಳಿದ ತೇಗದ ಬಾಗಿಲಿನಲ್ಲಿ ನಡುವಿನ ಹಲಗೆ ಚೌಕಟ್ಟಿಗೆ ಸೇರುವ ಅಂಚಿನ ಉದ್ದಕ್ಕೂ ಬಣ್ಣವಿಲ್ಲದ ತೆಳುವಾದ ಗೆರೆಯೊಂದು ಕಾಣುತ್ತದೆ. ಮಳೆಗಾಲದಲ್ಲಿ ಹಿಗ್ಗಿದ್ದ ಹಲಗೆ ಬೇಸಿಗೆಯಲ್ಲಿ ಕುಗ್ಗಿ, ಬಣ್ಣ ತಾಗದ ಭಾಗ ಗಾಡಿಯಿಂದ, ಅಂದರೆ ಚೌಕಟ್ಟಿನಲ್ಲಿ ತೋಡಿದ ಸೀಳಿನಿಂದ, ಹೊರಗೆ ಬಂದಿರುತ್ತದೆ. ಮರ ತನ್ನ ಎಳೆಗೆ ಅಡ್ಡಲಾಗಿ ಹಿಗ್ಗಿ ಕುಗ್ಗುತ್ತದೆ, ಉದ್ದಕ್ಕೆ ಬಹುತೇಕ ಇಲ್ಲ. ಆದುದರಿಂದಲೇ ಹಿಂದಿನವರು ಆ ಹಲಗೆಯನ್ನು ಅಂಟಿಸದೆ ಗಾಡಿಯಲ್ಲಿ ಸಡಿಲವಾಗಿ ಕೂರಿಸಿದ್ದಾರೆ. ಬರುವ ದಾರಿಯಲ್ಲಿ ಮಂಡಿಮೊಹಲ್ಲಾದಲ್ಲಿ ಬೀಟೆಮರದ ಇನ್‌ಲೇ ಕೆಲಸವನ್ನು ನೋಡುತ್ತೇವೆ. ಅಂಬಾವಿಲಾಸ ಅರಮನೆಯ ದಂತ ಕೂರಿಸಿದ ಬೀಟೆಯ ಬಾಗಿಲನ್ನು ಎಲ್ಲರೂ ಚಿತ್ರವಾಗಿ ನೋಡಿರುತ್ತಾರೆ. ಬಿಳಿಯ ತುಂಡಿನ ದಪ್ಪಕ್ಕಿಂತ ಕೂದಲೆಳೆಯಷ್ಟು ಕಡಿಮೆ ಆಳಕ್ಕೆ ಗುಳಿ ತೋಡಿ, ಕೂರಿಸಿದ ಮೇಲೆ ಹೆಚ್ಚಿದ್ದದ್ದನ್ನು ಕೆರೆದು ಸಮ ಮಾಡುತ್ತಾರೆ ಎಂಬುದು ಉಳಿ ಹಿಡಿದ ಕೈಯನ್ನು ನೋಡುವವರೆಗೂ ಹೊಳೆಯುವುದಿಲ್ಲ.

ಅಂಕ ಕೊಡುವ ಕ್ರಮ ಮಾತ್ರ ಇನ್ನೂ ಪೂರ್ತಿ ಹದಕ್ಕೆ ಬಂದಿಲ್ಲ. ಈಗ ಆಚಾರ್ರಿಗೆ ಒಂದು ಸಡಿಲಿಕೆ ಕೊಟ್ಟಿದ್ದೇನೆ: ನಕ್ಷೆಯಲ್ಲಿ ಅರ್ಥವಾಗದ್ದು ಇದ್ದರೆ ಅವರು ವಿದ್ಯಾರ್ಥಿಗೆ ಫೋನು ಮಾಡಬಹುದು, ಒಂದೊಂದು ಕರೆಗೆ ಎರಡು ಅಂಕ ಕಡಿತ. ಮೊದಲ ಸಲ ಒಬ್ಬನಿಗೆ ಹತ್ತೊಂಬತ್ತು ಕರೆಗಳು ಹೋದವು. ಕಳೆದ ಸೆಮಿಸ್ಟರಿನಲ್ಲಿ ಎಲ್ಲರಿಗಿಂತ ಕಡಿಮೆ ಬಂದದ್ದು ಮೂರು. ಅದರಲ್ಲಿ ಎರಡು ಹಿಡಿಕೆಯ ಎತ್ತರದ ಬಗ್ಗೆ, ಮೂರನೆಯದು ಲ್ಯಾಮಿನೇಟಿನ ಎಳೆ ಅಡ್ಡಕ್ಕೋ ಉದ್ದಕ್ಕೋ ಎಂಬ ಬಗ್ಗೆ. ಮೂರನೆಯ ಕರೆಗೆ ಅಂಕ ಕಡಿಯಬೇಡಿ, ಅದು ಬರೆದಿತ್ತು, ಕನ್ನಡಕ ಹಾಕಿಕೊಳ್ಳದೆ ಓದಿದ್ದು ನಾನೇ ಎಂದು ಆಚಾರ್ರು ಸಂಜೆ ನನಗೆ ಫೋನು ಮಾಡಿ ತಿಳಿಸಿದರು.