ರಕ್ಷಣೆಯ ನಂತರ ಪಾಪವಿಲ್ಲದ ಜೀವನ ಸಾಧ್ಯವೇ: ಯೋಹಾನನ ಮೊದಲನೆಯ ಪತ್ರಿಕೆಯನ್ನು ಓದಿ ಬಾಳುವ ಕ್ರಮ

ರಕ್ಷಣೆ ಹೊಂದಿದ, ಅಂದರೆ ಕ್ರಿಸ್ತನನ್ನು ನಂಬಿ ಪಾಪಕ್ಷಮೆ ಪಡೆದ, ವಿಶ್ವಾಸಿಯು ಪಾಪವೇ ಇಲ್ಲದೆ ಬದುಕಬಲ್ಲನೇ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವವರು ಮೊದಲು ಬೈಬಲಿನ ಹೊಸ ಒಡಂಬಡಿಕೆಯಲ್ಲಿರುವ ಯೋಹಾನನ ಮೊದಲನೆಯ ಪತ್ರಿಕೆಯನ್ನು ಒಂದೇ ಸಲಕ್ಕೆ ಕುಳಿತು ಪೂರ್ತಿಯಾಗಿ ಓದಬೇಕು. ಅದರಲ್ಲಿರುವುದು ಐದೇ ಅಧ್ಯಾಯಗಳು. ಬಿಡಿ ವಚನಗಳನ್ನು ಹಿಡಿದು ವಾದಿಸುವವರಿಗೆ ಇಲ್ಲಿ ಎರಡೂ ಪಕ್ಷಕ್ಕೆ ಆಧಾರ ಸಿಗುತ್ತದೆ: ನಮ್ಮಲ್ಲಿ ಪಾಪವಿಲ್ಲವೆಂದು ಹೇಳಿದರೆ ನಮ್ಮನ್ನು ನಾವೇ ವಂಚಿಸಿಕೊಳ್ಳುತ್ತೇವೆಂದು 1:8 ಎಚ್ಚರಿಸುತ್ತದೆ, ದೇವರಿಂದ ಹುಟ್ಟಿದವನು ಪಾಪ ಮಾಡುವುದಿಲ್ಲವೆಂದು 3:9 ಹೇಳುತ್ತದೆ. ಎರಡನ್ನೂ ಬರೆದ ಕೈ ಒಂದೇ ಆಗಿರುವುದರಿಂದ, ಒಂದನ್ನು ಎತ್ತಿಹಿಡಿದು ಇನ್ನೊಂದನ್ನು ಮರೆಮಾಡುವ ಹಕ್ಕು ನಮಗಿಲ್ಲ.

ಈ ಎರಡು ವಚನಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ನಡುವೆ 2:1ನ್ನು ಬರೆಯಿರಿ. ನೀವು ಪಾಪ ಮಾಡದಂತೆ ಇದನ್ನು ಬರೆಯುತ್ತಿದ್ದೇನೆ, ಆದರೂ ಯಾರಾದರೂ ಪಾಪ ಮಾಡಿದರೆ ತಂದೆಯ ಬಳಿಯಲ್ಲಿ ನಮ್ಮ ಪರವಾಗಿ ಮಾತನಾಡುವ ಯೇಸು ಕ್ರಿಸ್ತನಿದ್ದಾನೆ ಎಂಬುದು ಅಲ್ಲಿಯ ಮಾತಿನ ಸಾರ. ಗುರಿ ಪಾಪ ಮಾಡದಿರುವುದೇ. ಬಿದ್ದವನಿಗೆ ಆಶ್ರಯವೂ ಉಂಟು.

3:9ರ ಗ್ರೀಕ್ ಕ್ರಿಯಾಪದವು ವರ್ತಮಾನ ಕಾಲದಲ್ಲಿರುವುದರಿಂದ ಅದರ ಅರ್ಥ ಪಾಪ ಮಾಡುತ್ತಲೇ ಇರುವುದು ಎಂದು ಅನೇಕ ಬೋಧಕರು ವಿವರಿಸುತ್ತಾರೆ. ಆ ವಿವರಣೆಯಲ್ಲಿ ಸತ್ಯಾಂಶವಿದೆಯಾದರೂ ಪೂರ್ಣ ಭಾರವನ್ನು ವ್ಯಾಕರಣದ ಮೇಲೆಯೇ ಹೊರಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ, ಏಕೆಂದರೆ 5:16ರಲ್ಲಿ ಪಾಪ ಮಾಡುತ್ತಿರುವ ಸಹೋದರನ ಕುರಿತು ಹೇಳುವಾಗಲೂ ಯೋಹಾನನು ವರ್ತಮಾನ ರೂಪವನ್ನೇ ಬಳಸುತ್ತಾನೆ, ಮತ್ತು ಅವನನ್ನು ಹೊರಗಿನವನೆಂದು ಎಣಿಸದೆ ಅವನಿಗಾಗಿ ಪ್ರಾರ್ಥಿಸಲು ಹೇಳುತ್ತಾನೆ. ಅದಕ್ಕಿಂತ ಬಲವಾದ ಬೆಳಕು ಮೂರನೆಯ ಅಧ್ಯಾಯದ ಮುಂದಿನ ಸಾಲುಗಳಲ್ಲಿಯೇ ಇದೆ. ಅಲ್ಲಿ ಸಹೋದರನನ್ನು ಕೊಂದ ಕಾಯಿನನಿದ್ದಾನೆ. ಸಹೋದರನ ಕೊರತೆಯನ್ನು ಕಂಡೂ ಹೃದಯವನ್ನು ಮುಚ್ಚಿಕೊಳ್ಳುವ ಅನುಕೂಲಸ್ಥನಿದ್ದಾನೆ. ಆದ್ದರಿಂದ 3:9ನ್ನು ಓದಿದವರು ತಮ್ಮನ್ನು ಪರೀಕ್ಷಿಸಿಕೊಳ್ಳಬೇಕಾದುದು, ಯಾರ ಮೇಲೆ ದ್ವೇಷವನ್ನು ಸಾಕಿಕೊಂಡಿದ್ದೇನೆ, ಯಾರ ಕಷ್ಟಕ್ಕೆ ಬಾಗಿಲು ಹಾಕಿದ್ದೇನೆ ಎಂದು.

ಇನ್ನು, ಚರ್ಚೆಗೆ ಕುಳಿತವರು ಪಾಪ ಎಂಬ ಪದಕ್ಕೆ ಯಾವ ಅರ್ಥ ಕೊಡುತ್ತಿದ್ದಾರೆಂದು ಮೊದಲೇ ಕೇಳಿಕೊಳ್ಳಿ. ಕ್ರೈಸ್ತ ಪರಿಪೂರ್ಣತೆಯ ಕುರಿತು 1766ರಲ್ಲಿ ಪುಸ್ತಕ ಪ್ರಕಟಿಸಿದ, ಮೆಥೊಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿಯು, ತಿಳಿದ ಆಜ್ಞೆಯನ್ನು ಬೇಕೆಂದೇ ಮೀರುವುದನ್ನು ಮಾತ್ರ ಸರಿಯಾದ ಅರ್ಥದಲ್ಲಿ ಪಾಪವೆಂದು ಕರೆದು, ಪರಿಪೂರ್ಣ ಪ್ರೀತಿ ಈ ಜನ್ಮದಲ್ಲಿಯೇ ಸಾಧ್ಯವೆಂದು ಬೋಧಿಸಿದನು. ಆದರೂ ಅರಿಯದೆ ಆಗುವ ತಪ್ಪುಗಳಿಗೂ ಕ್ರಿಸ್ತನ ರಕ್ತವೇ ಬೇಕೆಂದು ಹೇಳಿದ ಅವನು, ಪಾಪರಹಿತ ಪರಿಪೂರ್ಣತೆ ಎಂಬ ಮಾತನ್ನು ಬಳಸಲು ಒಪ್ಪಲಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್‌ನಿಂದ ಬೆಳೆದ ಸಭೆಗಳಿರುವುದರಿಂದ ಈ ಪರಂಪರೆ ಕನ್ನಡ ನಾಡಿಗೆ ಹೊಸದಲ್ಲ. ರಿಫಾರ್ಮ್ಡ್ ಸಭೆಗಳ ಬೋಧನಾ ಗ್ರಂಥವಾದ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಿಯಾದರೋ, ಅತಿ ಪರಿಶುದ್ಧರಲ್ಲಿಯೂ ದೇವರ ಆಜ್ಞೆಗಳಿಗೆ ತೋರಬೇಕಾದ ವಿಧೇಯತೆಯ ಅಲ್ಪ ಆರಂಭ ಮಾತ್ರ ಇದೆಯೆಂದು ಹೇಳುತ್ತದೆ.

ಇಷ್ಟನ್ನು ತೂಗಿ ನೋಡಿದ ಮೇಲೆ ನಾನು ತಲುಪಿದ ನಿಲುವು ಇದು: ತನ್ನಲ್ಲಿ ಪಾಪವಿಲ್ಲವೆಂದು ಹೇಳಿಕೊಳ್ಳುವ ದಿನ ಈ ಲೋಕದಲ್ಲಿ ವಿಶ್ವಾಸಿಗೆ ಬರುವುದಿಲ್ಲ, ಆದರೆ ಎದುರಿಗೆ ಬಂದು ನಿಂತ ಯಾವ ಒಂದು ಪಾಪವನ್ನೂ ಮಾಡಲೇಬೇಕಾದ ಅನಿವಾರ್ಯತೆ ಅವನಿಗಿಲ್ಲ. ನಾವೆಲ್ಲರೂ ಅನೇಕ ವಿಷಯಗಳಲ್ಲಿ ಎಡವುತ್ತೇವೆಂದು ಯಾಕೋಬನು (3:2) ತನ್ನನ್ನೂ ಸೇರಿಸಿಕೊಂಡು ಹೇಳುತ್ತಾನೆ. ಪ್ರತಿಯೊಂದು ಶೋಧನೆಯೊಂದಿಗೆ, ಅಂದರೆ ಪಾಪಕ್ಕೆ ಸೆಳೆಯುವ ಪ್ರಲೋಭನೆಯೊಂದಿಗೆ, ದೇವರು ತಪ್ಪಿಸಿಕೊಳ್ಳುವ ಮಾರ್ಗವನ್ನೂ ಸಿದ್ಧಪಡಿಸುತ್ತಾನೆಂದು ಪೌಲನು (1 ಕೊರಿಂಥ 10:13) ಭರವಸೆ ಕೊಡುತ್ತಾನೆ. ಹೀಗಿರುವಾಗ ಮನುಷ್ಯ ಸ್ವಭಾವವೇ ಹೀಗೆ ಎಂಬ ನೆಪಕ್ಕೂ, ನಾನು ಪಾಪವನ್ನು ದಾಟಿ ಬಂದವನು ಎಂಬ ಹೆಮ್ಮೆಗೂ ಎಡೆಯಿಲ್ಲ.

ಶೋಧನೆ ಬಂದಾಗ ಆ ಮಾರ್ಗವನ್ನು ಹುಡುಕುವುದೇ ಮೊದಲ ಕೆಲಸವಾಗಲಿ. ಬಹಳ ಸಲ ಅದು ಎದ್ದು ಹೊರಗೆ ಹೋಗುವಷ್ಟು ಸರಳವಾಗಿರುತ್ತದೆ. ಬಿದ್ದರೆ, ನಾನು ನಿಜವಾಗಿ ರಕ್ಷಣೆ ಹೊಂದಿದ್ದೇನೋ ಇಲ್ಲವೋ ಎಂದು ಇಡೀ ರಾತ್ರಿ ನರಳುವುದಕ್ಕಿಂತ ಯೋಹಾನನ ಪತ್ರಿಕೆಯ 1:9ರ ಪ್ರಕಾರ ದೇವರಿಗೆ ಪಾಪವನ್ನು ಅರಿಕೆ ಮಾಡಿರಿ. ಆ ಅರಿಕೆಯಲ್ಲಿ ಪಾಪಕ್ಕೆ ಹೆಸರಿರಲಿ: ಕೋಪದಲ್ಲಿ ಹೆಂಡತಿಯನ್ನು ಹೀಯಾಳಿಸಿದೆ, ಲೆಕ್ಕದಲ್ಲಿ ಸುಳ್ಳು ಬರೆದೆ ಎಂಬಷ್ಟು ಸ್ಪಷ್ಟವಾಗಿರಲಿ. ಹಣದ ವಿಷಯವಾದರೆ ಸುವಾರ್ತೆಯಲ್ಲಿ ಬರುವ ಸುಂಕದ ಅಧಿಕಾರಿ ಜಕ್ಕಾಯನಂತೆ ಹಿಂದಕ್ಕೆ ಕೊಡಿರಿ. ಮತ್ತೆ ಮತ್ತೆ ಅದೇ ಹಳ್ಳಕ್ಕೆ ಬೀಳುತ್ತಿರುವವರು ಒಬ್ಬರೇ ಹೋರಾಡದೆ ನಂಬಿಕಸ್ಥ ಹಿರಿಯರೊಬ್ಬರ ಬಳಿ ಹೇಳಿಕೊಂಡು ಪ್ರಾರ್ಥನೆಯನ್ನು ಕೋರಬೇಕು. ಯಾಕೋಬ 5:16 ಕೇಳುವುದು ಇದನ್ನೇ. ಪಾಪರಹಿತರೆಂದು ಹೇಳಿಕೊಳ್ಳಬೇಕಾದ ಒತ್ತಡವಿರುವ ಸಭೆಯಲ್ಲಿ ಈ ಬಾಗಿಲೇ ಮುಚ್ಚಿಹೋಗುತ್ತದೆಂಬುದು ನನ್ನನ್ನು ಬಹಳವಾಗಿ ನೋಯಿಸುವ ಸಂಗತಿ. ಪವಿತ್ರಾತ್ಮನು ಶಿಷ್ಯರ ಮೇಲೆ ಇಳಿದುಬಂದ ಪಂಚಾಶತ್ತಮ ದಿನದ ನಂತರವೂ ಅಂತಿಯೋಕ್ಯದಲ್ಲಿ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಪಂಕ್ತಿಯಿಂದ ಹಿಂಜರಿದ ಪೇತ್ರನನ್ನು ಪೌಲನು ಎಲ್ಲರ ಮುಂದೆ ಗದರಿಸಿದನು (ಗಲಾತ್ಯ 2). ಅದರಿಂದ ಪೇತ್ರನು ಅಪೊಸ್ತಲನಲ್ಲದೆ ಹೋಗಲಿಲ್ಲ.

ನಮ್ಮ ತಪ್ಪುಗಳನ್ನು ಕ್ಷಮಿಸು ಎಂಬ ಕರ್ತನ ಪ್ರಾರ್ಥನೆಯ ಮಾತನ್ನು ಭಕ್ತರು ತಮಗಾಗಿಯೇ, ಸತ್ಯವಾಗಿಯೇ ಹೇಳುತ್ತಾರೆ, ಬರೀ ವಿನಯಕ್ಕಾಗಿ ಅಲ್ಲವೆಂದು 418ರಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಸೇರಿದ ಸಭಾಧ್ಯಕ್ಷರ (ಬಿಷಪ್ಪರ) ಕೂಟವು ತೀರ್ಮಾನಿಸಿತ್ತು. ಇಂದು ರಾತ್ರಿ ಆ ಸಾಲಿಗೆ ಬಂದಾಗ ಒಂದು ಕ್ಷಣ ನಿಂತು, ದಿನದ ಒಂದು ತಪ್ಪನ್ನು ಹೆಸರಿಟ್ಟು ಹೇಳಿ, ನಂತರ ಮುಂದಿನ ಸಾಲಿಗೆ ಹೋಗಿರಿ.